ಅಳತೆ ಸರಿ ಇತ್ತು, ಸ್ವೆಟರ್ ಮಾತ್ರ ದೊಡ್ಡದಾಯ್ತು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಗೋಳು ಒಂದೇ. ಹೆಣೆದದ್ದು ಚೆಂದ ಬಂತು, ಆದರೆ ಮೈಗೆ ಕೂರಲಿಲ್ಲ. ಹಾಗಾಗಿ ಡಿಸೈನು, ಬಣ್ಣ, ಗುಂಡಿ ಎಲ್ಲವನ್ನೂ ಬದಿಗಿಟ್ಟು ಅಳತೆಯ ಮಾತನ್ನೇ ಆಡೋಣ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಪ್ಯಾಟರ್ನ್‌ನಲ್ಲಿ (ಹೆಣೆಯುವ ವಿವರ ಬರೆದಿರುವ ಹಾಳೆ) ಹೇಳಿದ ನೂಲು, ಹೇಳಿದ 4 ಮಿ.ಮೀ. ಕಡ್ಡಿ, ಹೇಳಿದಷ್ಟೇ ಕುಣಿಕೆ. ಒಂದಿಷ್ಟೂ ಆಚೀಚೆ ಮಾಡಿಲ್ಲ. ಆದರೂ ಸ್ವೆಟರ್ ನನಗೆ ಎರಡು ಸೈಜ್ ದೊಡ್ಡದು. ಇದು ಬರೆದವರ ತಪ್ಪು ಅಲ್ವಾ?
— ಬಿಚ್ಚಿ ಬಿಚ್ಚಿ ಸುಸ್ತಾದವರು

ಉತ್ತರ: ಅಲ್ಲ. ಬರೆದವರ ಕೈ ಬೇರೆ, ನಿಮ್ಮ ಕೈ ಬೇರೆ. ಅದೇ ನೂಲು, ಅದೇ ಕಡ್ಡಿ ಕೊಟ್ಟು ಇಬ್ಬರನ್ನು ಕೂರಿಸಿದರೆ ಒಬ್ಬರದು ಬಿಗಿಯಾಗಿ ಬರುತ್ತದೆ, ಇನ್ನೊಬ್ಬರದು ಸಡಿಲ. ಪ್ಯಾಟರ್ನ್‌ನಲ್ಲಿ ಕಡ್ಡಿಯ ಸೈಜ್ ಬರೆದಿರುವುದು ಬರೀ ಸಲಹೆ. ನೀವು ಪಾಲಿಸಬೇಕಾದದ್ದು ಅದರ ಪಕ್ಕದಲ್ಲಿರುವ ಗೇಜ್, ಅಂದರೆ 10 ಸೆಂ.ಮೀ. ಅಗಲಕ್ಕೆ ಎಷ್ಟು ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ ಎಷ್ಟು ಸಾಲು ಅನ್ನುವುದು. ಹೆಚ್ಚಿನವರು ಅದನ್ನು ಓದುವುದೇ ಇಲ್ಲ, ನೇರವಾಗಿ ಕುಣಿಕೆ ಹಾಕಲು ಶುರು ಮಾಡುತ್ತಾರೆ.

ಲೆಕ್ಕ ನೋಡಿ. ಪ್ಯಾಟರ್ನ್ ಹೇಳಿದ್ದು 10 ಸೆಂ.ಮೀ.ಗೆ 22 ಕುಣಿಕೆ, ಎದೆ ಸುತ್ತ 220 ಕುಣಿಕೆ. ಅಂದರೆ 100 ಸೆಂ.ಮೀ. ಸ್ವೆಟರ್. ನಿಮ್ಮ ಕೈ ಸ್ವಲ್ಪ ಸಡಿಲ, 10 ಸೆಂ.ಮೀ.ಗೆ 20 ಕುಣಿಕೆ ಬೀಳುತ್ತದೆ ಅಂದ್ಕೊಳ್ಳಿ. ಅದೇ 220 ಕುಣಿಕೆ ಈಗ 110 ಸೆಂ.ಮೀ. ಆಯಿತು. ಬರೀ ಎರಡು ಕುಣಿಕೆಯ ವ್ಯತ್ಯಾಸ, ಸುತ್ತಳತೆಯಲ್ಲಿ ಪೂರಾ ಹತ್ತು ಸೆಂಟಿಮೀಟರ್. ಕಡ್ಡಿಯ ಮೇಲಿದ್ದಾಗ ಇದು ಕಣ್ಣಿಗೆ ಕಾಣುವುದಿಲ್ಲ, ಯಾಕಂದರೆ ಅಲ್ಲಿ ಬಟ್ಟೆ ಮುದುಡಿಕೊಂಡೇ ಇರುತ್ತದೆ.

ಗೇಜ್ ನೋಡಲು ಮೊದಲೇ ಒಂದು ಸ್ಯಾಂಪಲ್ ತುಂಡು ಹೆಣೆದಿದ್ದೆ ಅಂತ ಕೆಲವರು ಹೇಳುತ್ತಾರೆ. ಎಷ್ಟು ದೊಡ್ಡದು ಅಂತ ಕೇಳಿದರೆ, ಎರಡು ಬೆರಳಗಲ! ಅದರಲ್ಲಿ ಏನನ್ನೂ ಅಳೆಯಲಾಗದು. ಅಂಚಿನ ಕುಣಿಕೆಗಳು ಯಾವಾಗಲೂ ಸೊಟ್ಟಗಿರುತ್ತವೆ, ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಕಮ್ಮಿಯೆಂದರೂ 15 ಸೆಂ.ಮೀ. ಅಗಲ, ಅಷ್ಟೇ ಎತ್ತರ ಹೆಣೆಯಿರಿ. ಕಡ್ಡಿಯಿಂದ ಇಳಿಸಿ. ಆಮೇಲೆ ಸ್ವೆಟರನ್ನು ಮುಂದೆ ಹೇಗೆ ಒಗೆಯುತ್ತೀರೋ ಅದನ್ನೂ ಹಾಗೇ ಒಗೆಯಿರಿ, ಹಾಗೇ ಒಣಗಿಸಿ, ಪೂರ್ತಿ ಒಣಗಿದ ಮೇಲೆ ನಡುವಿನ 10 ಸೆಂ.ಮೀ. ಮಾತ್ರ ಅಳೆಯಿರಿ. ಅರ್ಧ ಕುಣಿಕೆ ಬಂದರೆ ಅರ್ಧವನ್ನೂ ಬರೆದಿಡಿ. ಅದನ್ನು ಬಿಟ್ಟರೆ ಸ್ವೆಟರ್ ಪೂರ್ತಿಯಾಗುವ ಹೊತ್ತಿಗೆ ಎರಡು ಸೆಂಟಿಮೀಟರ್ ಮೇಲೆ ತಪ್ಪುತ್ತದೆ.

ಒಗೆಯುವುದು ಯಾಕೆ ಬೇಕು ಅಂತ ಕೇಳುತ್ತೀರಿ. ನೂಲು ನೀರು ಕುಡಿದರೆ ಸ್ವಭಾವ ಬದಲಿಸುತ್ತದೆ, ಅದಕ್ಕೆ. ಮೆಷಿನ್‌ಗೆ ಹಾಕಬಹುದು ಅನ್ನುವ ಸೂಪರ್‌ವಾಷ್ ಉಣ್ಣೆಯಂತೂ ಒದ್ದೆಯಾದಾಗ ಕೈಕಾಲು ಚಾಚುತ್ತದೆ. ಆ ಉಣ್ಣೆಯ ಎಳೆಗಳ ಮೇಲಿನ ಪೊರೆಯನ್ನು ಸವೆಸಿ ಅಥವಾ ಮುಚ್ಚಿ ನುಣುಪು ಮಾಡಿರುತ್ತಾರೆ. ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳದೆ ಜಾರುತ್ತವೆ. ಒಗೆಯುವ ಮೊದಲು 22 ಇದ್ದದ್ದು ಒಗೆದ ಮೇಲೆ 20 ಆದರೆ ಆಶ್ಚರ್ಯವಿಲ್ಲ. ನಿಮ್ಮದು ಯಾವ ನೂಲು ಅಂತ ಬರೆದಿಲ್ಲ, ಆದರೆ ನನಗೆ ಅನುಮಾನ ಇರುವುದು ಇಲ್ಲೇ.

ಇನ್ನೊಂದು ಮಾತು. ಸ್ವೆಟರನ್ನು ಕೊಳವೆಯ ಹಾಗೆ ಸುತ್ತಿನಲ್ಲಿ ಹೆಣೆಯುವುದಾದರೆ ಸ್ಯಾಂಪಲ್ ಕೂಡ ಸುತ್ತಿನಲ್ಲೇ ಆಗಬೇಕು. ಹಿಂದೆ ಮುಂದೆ ತಿರುಗಿಸಿ ಹೆಣೆದರೆ ಒಂದು ಸಾಲು ನಿಟ್ (ಸೀದಾ), ಒಂದು ಸಾಲು ಪರ್ಲ್ (ಉಲ್ಟಾ) ಬರುತ್ತದೆ, ಮತ್ತು ಬಹಳ ಜನರ ಪರ್ಲ್ ಸಾಲು ಸಡಿಲ. ಸುತ್ತಿನಲ್ಲಿ ಬರೀ ನಿಟ್. ಹಾಗಾಗಿ ಎರಡರ ಅಳತೆ ಹೊಂದುವುದಿಲ್ಲ.

ಇಷ್ಟೆಲ್ಲಾ ಮಾಡಿ ನಿಮಗೆ 20 ಬಂತು ಅಂದ್ಕೊಳ್ಳಿ. ಕಡ್ಡಿಯನ್ನು ಒಂದು ಸೈಜ್ ಸಣ್ಣ ಮಾಡಿ ಮತ್ತೆ ನೋಡಿ. ಸಣ್ಣ ಕಡ್ಡಿಯಲ್ಲಿ ಬಟ್ಟೆ ಗಡುಸಾಗಿ ರಟ್ಟಿನ ಥರ ನಿಂತರೆ ಹಠ ಹಿಡಿಯಬೇಡಿ. ಬಟ್ಟೆ ಚೆಂದ ಬಂದ ಕಡ್ಡಿಯನ್ನೇ ಇಟ್ಟುಕೊಂಡು ಸೈಜ್ ಬದಲಿಸಿ. ನಿಮಗೆ ಬೇಕಾದದ್ದು 100 ಸೆಂ.ಮೀ., ನಿಮ್ಮ ಗೇಜ್ 20, ಅಂದರೆ 200 ಕುಣಿಕೆ. ಪ್ಯಾಟರ್ನ್‌ನಲ್ಲಿ 200ರ ಹತ್ತಿರ ಇರುವ ಸಣ್ಣ ಸೈಜ್ ಹುಡುಕಿ ಅದನ್ನೇ ಹೆಣೆಯಿರಿ. ಉದ್ದಗಳನ್ನು ಮಾತ್ರ ನಿಮ್ಮ ಮೈಯಿಂದ ತೆಗೆದುಕೊಳ್ಳಿ.

ಪ್ರಶ್ನೆ: ಕುಣಿಕೆ ಲೆಕ್ಕ ಸರಿಯಾಗಿ ಬರುತ್ತದೆ, ಸಾಲಿನ ಲೆಕ್ಕ ಬರುವುದಿಲ್ಲ. ಕಡ್ಡಿ ಬದಲಿಸಿದರೆ ಸಾಲು ಸರಿಯಾಗುತ್ತದೆ, ಕುಣಿಕೆ ಕೆಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಗಿದೆ.

ಉತ್ತರ: ಕುಣಿಕೆಯ ಪರ ನಿಲ್ಲಿ. ಅಗಲವನ್ನು ಆಮೇಲೆ ತಿದ್ದುವುದು ಕಷ್ಟ, ಉದ್ದವನ್ನು ತಿದ್ದುವುದು ಸುಲಭ. ‘38 ಸೆಂ.ಮೀ. ಆಗುವವರೆಗೆ ಹೆಣೆಯಿರಿ’ ಅಂತ ಇರುವ ಕಡೆ ನಿಮಗೆ ತೊಂದರೆಯೇ ಇಲ್ಲ, ಟೇಪ್ ಹಿಡಿದರೆ ಆಯಿತು. ತೊಂದರೆ ಇರುವುದು ಸಾಲು ಎಣಿಸಿ ಹೇಳಿರುವ ಜಾಗಗಳಲ್ಲಿ. ಮುಖ್ಯವಾಗಿ ಕೊರಳಿನಿಂದ ಕೆಳಕ್ಕೆ ಹೆಣೆಯುವ, ತೋಳು ಮೈ ಸೇರುವ ಗೆರೆ ಓರೆಯಾಗಿರುವ ರ‍್ಯಾಗ್ಲನ್‌ನಲ್ಲಿ ಕೊರಳಿನಿಂದ ಕಂಕುಳಿನವರೆಗೆ.

ಪ್ಯಾಟರ್ನ್‌ನಲ್ಲಿ 10 ಸೆಂ.ಮೀ.ಗೆ 30 ಸಾಲು, ಕಂಕುಳಿನವರೆಗೆ 66 ಸಾಲು, ಅಂದರೆ 22 ಸೆಂ.ಮೀ. ನಿಮ್ಮದು 27 ಸಾಲು. ಅದೇ 66 ಸಾಲು 24 ಸೆಂ.ಮೀ. ದಾಟುತ್ತದೆ. ಕಂಕುಳು ಜೋತು ಬೀಳುತ್ತದೆ, ಕೈ ಎತ್ತಿದರೆ ಇಡೀ ಸ್ವೆಟರ್ ಮೇಲಕ್ಕೆ ಬರುತ್ತದೆ. ನಿಮಗೆ ಬೇಕಾದದ್ದು 60 ಸಾಲು. ಆದರೆ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ 33 ಸಲ ಕುಣಿಕೆ ಹೆಚ್ಚಿಸಬೇಕು, ಅದನ್ನು ಕಮ್ಮಿ ಮಾಡಿದರೆ ಎದೆ ಸುತ್ತಳತೆ ಸಾಲದು. ಹಾಗಾಗಿ 27 ಸಲ ಎರಡು ಸಾಲಿಗೊಮ್ಮೆ ಹೆಚ್ಚಿಸಿ, ಉಳಿದ 6 ಸಲ ಪ್ರತಿ ಸಾಲಿಗೂ ಹೆಚ್ಚಿಸಿ. 54 ಮತ್ತು 6, ಸೇರಿ 60. ಈ ಲೆಕ್ಕ ಕೂರುವುದಕ್ಕೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಪ್ರಶ್ನೆ: ನನ್ನ ಎದೆ ಸುತ್ತಳತೆ 96. ಪ್ಯಾಟರ್ನ್‌ನಲ್ಲಿ ಸಿದ್ಧವಾದ ಸ್ವೆಟರ್ ಅಳತೆ 92, 100, 108 ಅಂತಿದೆ. 96 ಇಲ್ಲವೇ ಇಲ್ಲ! ಯಾವುದು ಹೆಣೆಯಲಿ?

ಉತ್ತರ: ಸಿದ್ಧವಾದ ಅಳತೆ ಮತ್ತು ಮೈ ಅಳತೆ ಒಂದೇ ಆಗಿರಬೇಕು ಅಂತ ಯಾರು ಹೇಳಿದ್ದು? 92 ಹೆಣೆದರೆ ಮೈಗೆ ಅಂಟಿಕೊಳ್ಳುತ್ತದೆ. 100 ಹೆಣೆದರೆ ನಾಲ್ಕು ಸೆಂ.ಮೀ. ಸಡಿಲ, ತೆಳು ಅಂಗಿಯ ಮೇಲೆ ಚೆನ್ನಾಗಿ ಕೂರುತ್ತದೆ. 108 ಹೆಣೆದರೆ ಹನ್ನೆರಡು ಸೆಂ.ಮೀ. ಸಡಿಲ, ದಪ್ಪ ಬಟ್ಟೆಯ ಮೇಲೂ ಹಾಕಬಹುದು, ನೋಡುವುದಕ್ಕೆ ಆರಾಮಾಗಿ ದೊಗಳೆ. ಸಾಮಾನ್ಯವಾಗಿ ಹಾಕುವ ಸ್ವೆಟರಿಗೆ 5ರಿಂದ 10 ಸೆಂ.ಮೀ. ಸಡಿಲ ಇಟ್ಟುಕೊಳ್ಳುತ್ತಾರೆ. ನೂಲು ದಪ್ಪವಾದಷ್ಟೂ ಈ ಸಡಿಲ ಜಾಸ್ತಿ ಬೇಕು, ಯಾಕಂದರೆ ಬಟ್ಟೆಯ ದಪ್ಪವೇ ಒಳಗಿನ ಜಾಗ ತಿನ್ನುತ್ತದೆ.

ಟೇಪ್ ಹಿಡಿದು ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ಮಾಡಿ. ನಿಮ್ಮ ಕಪಾಟಿನಲ್ಲಿ ಇಷ್ಟಪಟ್ಟು ಹಾಕುವ ಒಂದು ಸ್ವೆಟರ್ ಇದ್ದೇ ಇರುತ್ತದೆ. ಅದನ್ನು ನೆಲದ ಮೇಲೆ ಹರಡಿ. ಎಳೆಯಬೇಡಿ, ಸುಮ್ನೆ ಹರಡಿ. ಕಂಕುಳಿನಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಹಾಗೇ ಭುಜದಿಂದ ಭುಜ, ಕಂಕುಳಿನಿಂದ ಅಂಚು, ಮೇಲ್ತೋಳಿನ ಅಗಲ, ತೋಳಿನ ಉದ್ದ ಬರೆದುಕೊಳ್ಳಿ. ಅದೂ ನೂಲಿನ ಹೆಣಿಗೆಯೇ ಆಗಿರಲಿ, ಹೊಲಿದ ಅಂಗಿಯ ಅಳತೆ ಇಲ್ಲಿ ನಡೆಯುವುದಿಲ್ಲ. ಈ ಚೀಟಿ ಯಾವ ಸೈಜ್ ಚಾರ್ಟ್‌ಗಿಂತಲೂ ಮೇಲು.

ಎದೆ ತುಂಬಿಕೊಂಡವರಿಗೆ ಇನ್ನೊಂದು ಕಿರಿಕಿರಿ ಇದೆ. ಎದೆ ಅಳತೆಗೆ ಸೈಜ್ ತೆಗೆದುಕೊಂಡರೆ ಭುಜ ಇಳಿಬೀಳುತ್ತದೆ, ಕೊರಳು ಅಗಲವಾಗುತ್ತದೆ. ಕಂಕುಳಿಗೆ ಒತ್ತಿ, ಎದೆಯ ಉಬ್ಬಿನ ಮೇಲಿನಿಂದ ಒಂದು ಸುತ್ತು ಅಳೆಯಿರಿ. ಅದಕ್ಕೂ ಪೂರ್ತಿ ಎದೆ ಅಳತೆಗೂ 5 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಮೇಲಿನ ಅಳತೆಗೆ ಸೈಜ್ ಆರಿಸಿ. ಭುಜ ಸರಿಯಾಗಿ ಕೂರುತ್ತದೆ. ಎದೆಗೆ ಬೇಕಾದ ಹೆಚ್ಚಿನ ಜಾಗವನ್ನು ಮುಂಭಾಗದಲ್ಲಿ ಮಾತ್ರ ಕೊಡಿ. ಅಗಲಕ್ಕೆ ಕೆಲವು ಕುಣಿಕೆ, ಉದ್ದಕ್ಕೆ ಅರ್ಧ ಸಾಲುಗಳು. ಅರ್ಧ ಸಾಲು ಅಂದರೆ ಶಾರ್ಟ್ ರೋ, ಸಾಲಿನ ಕೊನೆ ಮುಟ್ಟುವ ಮೊದಲೇ ತಿರುಗಿ ಬರುವುದು. ಮುಂಭಾಗ 5 ಸೆಂ.ಮೀ. ಉದ್ದ ಬೇಕು, ನಿಮಗೆ 10 ಸೆಂ.ಮೀ.ಗೆ 28 ಸಾಲು ಬರುತ್ತದೆ ಅಂದರೆ 14 ಸಾಲು, ಅಂದರೆ ಏಳು ಸಲ ಹೋಗಿ ಬರಬೇಕು. ಇದನ್ನು ಮಾಡದಿದ್ದರೆ ಮುಂದಿನ ಅಂಚು ಮೇಲಕ್ಕೆ ಏರಿಕೊಂಡೇ ಇರುತ್ತದೆ, ದಿನವಿಡೀ ಎಳೆದುಕೊಳ್ಳುತ್ತಿರಬೇಕು.

ಪ್ರಶ್ನೆ: ಮೈ ಚೆನ್ನಾಗಿ ಕೂತಿದೆ, ತೋಳು ಮಾತ್ರ ಮೊಣಕೈ ಮೇಲೆ ಬಿಗಿ. ಪರ್ಸೆಂಟೇಜ್ ಲೆಕ್ಕದಲ್ಲೇ ಹೆಣೆದಿದ್ದೆ.

ಉತ್ತರ: ಪರ್ಸೆಂಟೇಜ್ ಲೆಕ್ಕ ಹೆಣಿಗೆಯ ಪುಸ್ತಕಗಳನ್ನು ಬರೆದ ಎಲಿಜಬೆತ್ ಜಿಮ್ಮರ್‌ಮನ್ ಹೆಸರಿನಲ್ಲಿ ಪ್ರಸಿದ್ಧ. ಮೈ ಸುತ್ತಿನ ಕುಣಿಕೆ 100 ಅಂತಾದರೆ ಮಣಿಕಟ್ಟಿಗೆ 20, ಮೇಲ್ತೋಳಿಗೆ ಸುಮಾರು 33ರಿಂದ 35, ಕೊರಳಿಗೆ ಸುಮಾರು 40. ಬಹಳ ಒಳ್ಳೆಯ ಲೆಕ್ಕ, ಪ್ಯಾಟರ್ನ್ ಇಲ್ಲದೆಯೇ ಸ್ವೆಟರ್ ಹೆಣೆಯಬಹುದು. ಆದರೆ ಎಲ್ಲರ ತೋಳೂ ಎದೆಯ ಲೆಕ್ಕದಲ್ಲೇ ಬೆಳೆಯುವುದಿಲ್ಲವಲ್ಲ. ಮೈಗೆ 200 ಕುಣಿಕೆ ಇದ್ದರೆ ಮೇಲ್ತೋಳಿಗೆ 70, ಅಂದರೆ 20ರ ಗೇಜ್‌ನಲ್ಲಿ 35 ಸೆಂ.ಮೀ. ನಿಮ್ಮ ಮೇಲ್ತೋಳೇ 36 ಇದ್ದರೆ ಅದು ಬಿಗಿಯಾಗದೆ ಇನ್ನೇನಾಗುತ್ತದೆ? ತೋಳಿನ ಅಳತೆಗೆ 3ರಿಂದ 5 ಸೆಂ.ಮೀ. ಸೇರಿಸಿ. 40 ಸೆಂ.ಮೀ. ಬೇಕು, 80 ಕುಣಿಕೆ.

ಮಣಿಕಟ್ಟಿನಲ್ಲಿ 44 ಇಂದ ಶುರು ಮಾಡಿದ್ದೀರಿ ಅಂದ್ಕೊಂಡರೆ 36 ಕುಣಿಕೆ ಹೆಚ್ಚಬೇಕು. ಸಲಕ್ಕೆ ಎರಡರಂತೆ 18 ಸಲ. ತೋಳಿನ ಉದ್ದ 42 ಸೆಂ.ಮೀ.ನಲ್ಲಿ ಅಂಚಿನ ಹಿಗ್ಗುವ ಪಟ್ಟಿಗೆ, ಅಂದರೆ ರಿಬ್ಬಿಗೆ, 6, ಕಂಕುಳಿನ ಹತ್ತಿರ ಹೆಚ್ಚಿಸದೆ ನೇರವಾಗಿ 4 ಬಿಟ್ಟರೆ ಉಳಿಯುವುದು 32 ಸೆಂ.ಮೀ., 27ರ ಗೇಜ್‌ನಲ್ಲಿ 86 ಸಾಲು. 14 ಸಲ ಐದು ಸಾಲಿಗೊಮ್ಮೆ, 4 ಸಲ ನಾಲ್ಕು ಸಾಲಿಗೊಮ್ಮೆ ಹೆಚ್ಚಿಸಿದರೆ ಸರಿಯಾಗಿ ಮುಗಿಯುತ್ತದೆ. ಈಗಾಗಲೇ ಹೆಣೆದು ಮುಗಿಸಿದ ತೋಳನ್ನು ಒದ್ದೆ ಮಾಡಿ ಅಗಲಕ್ಕೆ ಎಳೆದು ಪಿನ್ ಹಾಕಿ ಒಣಗಿಸಿದರೆ ಒಂದೆರಡು ಸೆಂಟಿಮೀಟರ್ ಸಿಗಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಬಿಚ್ಚಲೇಬೇಕು.

ಪ್ರಶ್ನೆ: ಸಾಕ್ಸ್ ಹೆಣೆದೆ. ಪಾದದ ಸುತ್ತಳತೆ, ಉದ್ದ ಎರಡನ್ನೂ ಅಳೆದು ಅಳತೆಗೆ ಸರಿಯಾಗಿಯೇ ಹೆಣೆದೆ. ಆದರೆ ನಡೆಯುವಾಗ ಅಂಗಾಲಿನ ಕೆಳಗೆ ಗಂಟು ಗಂಟಾಗಿ ಸೇರಿಕೊಳ್ಳುತ್ತದೆ, ಮೇಲಿನ ಭಾಗ ಜಾರಿ ಹಿಮ್ಮಡಿಗೆ ಬಂದು ಕೂರುತ್ತದೆ.
— ಒಂದೇ ಜೊತೆ ಹೆಣೆದು ಕೈಬಿಟ್ಟವರು

ಉತ್ತರ: ಅಳತೆಗೆ ಸರಿಯಾಗಿ ಹೆಣೆದದ್ದೇ ಎಡವಟ್ಟು! ಸ್ವೆಟರಿಗೂ ಸಾಕ್ಸಿಗೂ ಇಲ್ಲೇ ವ್ಯತ್ಯಾಸ. ಸ್ವೆಟರ್ ಮೈಗಿಂತ ದೊಡ್ಡದಿರಬೇಕು, ಸಾಕ್ಸ್ ಕಾಲಿಗಿಂತ ಸಣ್ಣದಿರಬೇಕು. ಎಳೆದುಕೊಂಡು ಕೂತರೆ ಮಾತ್ರ ಅದು ಜಾಗದಲ್ಲಿ ನಿಲ್ಲುತ್ತದೆ. ಸುತ್ತಳತೆಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿ ಮಾಡಿ, ಉದ್ದದಲ್ಲಿ ಒಂದು ಒಂದೂವರೆ ಸೆಂ.ಮೀ. ಕಮ್ಮಿ ಮಾಡಿ.

ಬೆರಳುಗಳ ಬುಡದಲ್ಲಿ ಪಾದ ಅತಿ ಅಗಲವಿರುವ ಕಡೆ ಟೇಪ್ ಸುತ್ತಿ. ನಿಂತುಕೊಂಡೇ ಅಳೆಯಿರಿ, ಕೂತಾಗ ಪಾದ ಹರಡುವುದಿಲ್ಲ. 22.5 ಸೆಂ.ಮೀ. ಬಂತು ಅಂದ್ಕೊಳ್ಳಿ. ಹತ್ತನೇ ಒಂದು ಪಾಲು ತೆಗೆದರೆ 20 ಸೆಂ.ಮೀ. ಮತ್ತು ಸ್ವಲ್ಪ. ಸಾಕ್ಸ್ ನೂಲಿನಲ್ಲಿ 2.25 ಅಥವಾ 2.5 ಮಿ.ಮೀ. ಕಡ್ಡಿಗೆ 10 ಸೆಂ.ಮೀ.ಗೆ 32 ಕುಣಿಕೆ ಬಂದರೆ ಲೆಕ್ಕ 64ರ ಹತ್ತಿರ ನಿಲ್ಲುತ್ತದೆ. ಬಹಳ ಸಾಕ್ಸ್ ಪ್ಯಾಟರ್ನ್‌ಗಳಲ್ಲೂ ಈ 64 ಮತ್ತೆ ಮತ್ತೆ ಕಾಣುವುದು ಇದಕ್ಕೇ. 4ರಿಂದ ಭಾಗವಾಗುತ್ತದೆ, ಎರಡು ನಿಟ್ ಎರಡು ಪರ್ಲ್ ರಿಬ್ಬಿಗೂ ಹೊಂದುತ್ತದೆ, ಹಿಮ್ಮಡಿಗೆ ಸರಿಯಾಗಿ ಅರ್ಧ ಸಿಗುತ್ತದೆ.

ಉದ್ದದ ಲೆಕ್ಕ ಹೀಗೆ. ಪಾದ 24.5 ಸೆಂ.ಮೀ. ಇದ್ದರೆ ಸಾಕ್ಸ್ 23.5 ಸಾಕು. ಬೆರಳ ತುದಿಯಲ್ಲಿ ಸುತ್ತು ಬಿಟ್ಟು ಸುತ್ತು ನಾಲ್ಕು ನಾಲ್ಕು ಕುಣಿಕೆ ಕಮ್ಮಿ ಮಾಡುತ್ತಾ 64ರಿಂದ 32ಕ್ಕೆ ಬರಲು 16 ಸುತ್ತು ಬೇಕು. ಅಲ್ಲಿಂದ ಪ್ರತಿ ಸುತ್ತಿಗೂ ಕಮ್ಮಿ ಮಾಡಿದರೆ 16ಕ್ಕೆ ಬರಲು ಇನ್ನೂ 4. ಒಟ್ಟು 20 ಸುತ್ತು. 10 ಸೆಂ.ಮೀ.ಗೆ 44 ಸುತ್ತು ಬರುತ್ತಿದ್ದರೆ ಅದು ನಾಲ್ಕೂವರೆ ಸೆಂ.ಮೀ. ಹಾಗಾಗಿ ಹಿಮ್ಮಡಿಯ ಹಿಂಭಾಗದಿಂದ 19 ಸೆಂ.ಮೀ. ಆದ ಕೂಡಲೇ ತುದಿ ಶುರು ಮಾಡಿ. ಬಹಳ ಜನ ಹಾಕಿ ನೋಡಿಕೊಂಡು ‘ಇನ್ನೂ ಸ್ವಲ್ಪ ಇರಲಿ’ ಅಂತ ಕಿರುಬೆರಳು ಮುಚ್ಚಿ ಎಷ್ಟೋ ದೂರ ಹೋದ ಮೇಲೂ ಹೆಣೆಯುತ್ತಾರೆ. ಆ ‘ಸ್ವಲ್ಪ’ವೇ ಆಮೇಲೆ ಅಂಗಾಲಿನ ಕೆಳಗೆ ಸೇರುವುದು.

ಜಾರುವುದಕ್ಕೆ ಬೇರೆ ಕಾರಣಗಳೂ ಇವೆ. ಬರೀ ಹತ್ತಿಯ ನೂಲಾದರೆ ಅದಕ್ಕೆ ಎಳೆದು ಬಿಟ್ಟಾಗ ವಾಪಸ್ ಬರುವ ಗುಣವೇ ಇಲ್ಲ. 75 ಭಾಗ ಉಣ್ಣೆ, 25 ಭಾಗ ನೈಲಾನ್ ಇರುವ ನೂಲು ಸಾಕ್ಸಿಗೆ ಹೇಳಿ ಮಾಡಿಸಿದ್ದು. ಉಣ್ಣೆ ಹಿಡಿತ ಕೊಡುತ್ತದೆ, ನೈಲಾನ್ ಹಿಮ್ಮಡಿ ಬೇಗ ಹರಿಯದಂತೆ ನೋಡಿಕೊಳ್ಳುತ್ತದೆ. ಮತ್ತೆ ಹೆಣಿಗೆ ಒತ್ತಾಗಿರಲಿ. ಸ್ವೆಟರಿಗೆ ಚೆಂದ ಅನಿಸುವ ಸಡಿಲ ಹೆಣಿಗೆ ಸಾಕ್ಸಿನಲ್ಲಿ ಬೇಗ ತೂತು ಬೀಳುತ್ತದೆ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. ಪಾದಕ್ಕೆ ಸರಿ, ಕಾಲಿಗೂ ಸರಿ, ಆದರೆ ಹಾಕಿಕೊಳ್ಳುವಾಗ ಹಿಮ್ಮಡಿ ದಾಟುವುದೇ ಇಲ್ಲ.

ಉತ್ತರ: ಮೊದಲು ಸಾಕ್ಸಿನ ಬಾಯಿಯನ್ನು ಎರಡೂ ಕೈಯಲ್ಲಿ ಎಳೆದು ನೋಡಿ. ರಿಬ್ ಹಿಗ್ಗುತ್ತಿದ್ದು ಅಂಚು ಮಾತ್ರ ದಾರ ಕಟ್ಟಿದ ಹಾಗೆ ನಿಂತರೆ ಕುಣಿಕೆ ಹಾಕಿದ್ದೇ ಬಿಗಿಯಾಗಿದೆ. ಎರಡು ಸೈಜ್ ದೊಡ್ಡ ಕಡ್ಡಿಯಲ್ಲಿ ಕುಣಿಕೆ ಹಾಕಿ, ಮೊದಲ ಸುತ್ತಿನಿಂದ ಸಣ್ಣ ಕಡ್ಡಿಗೆ ಬನ್ನಿ. ಅದಕ್ಕಿಂತ ಒಳ್ಳೆಯದು, ಹಾಕುವಾಗ ಕಡ್ಡಿಯ ಮೇಲೆ ಕುಣಿಕೆಗಳ ನಡುವೆ ಒಂಚೂರು ಜಾಗ ಬಿಡುವುದು. ಬಿಗಿ ಇರುವುದು ಕುಣಿಕೆಯಲ್ಲಿ ಅಲ್ಲ, ಎರಡು ಕುಣಿಕೆಗಳ ನಡುವಿನ ನೂಲಿನಲ್ಲಿ. ಬೆರಳಿನಿಂದ ಮೇಲಕ್ಕೆ ಹೆಣೆಯುವವರಾದರೆ ಕೊನೆಯಲ್ಲಿ ಮುಚ್ಚುವಾಗ ಎರಡು ಕುಣಿಕೆ ಒಟ್ಟಿಗೆ ಹೆಣೆದು, ಬಂದದ್ದನ್ನು ಎಡ ಕಡ್ಡಿಗೆ ಹಾಕಿ, ಮತ್ತೆ ಮುಂದಿನದರ ಜೊತೆ ಹೆಣೆಯುವ ರೀತಿ ಹಿಡಿದುಕೊಳ್ಳಿ. ಹಿಂದಿನದನ್ನು ಮೇಲಿಂದ ದಾಟಿಸಿ ಮುಚ್ಚುವ ಸಾದಾ ರೀತಿ ಸಾಕ್ಸಿಗೆ ಆಗಿಬರುವುದಿಲ್ಲ.

ಅಂಚು ಚೆನ್ನಾಗಿ ಹಿಗ್ಗುತ್ತದೆ, ಆದರೂ ಹಿಮ್ಮಡಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ ಅಂದರೆ ನಿಮ್ಮ ಪಾದದ ಮೇಲುಬ್ಬು ಎತ್ತರ ಇದೆ. ಹಿಮ್ಮಡಿಯ ತುದಿಯಿಂದ ಕಣಕಾಲಿನ ಮುಂಭಾಗದ ಮಡಿಕೆಗೆ ಓರೆಯಾಗಿ ಒಂದು ಸುತ್ತು ಅಳೆದು ನೋಡಿ. ಪಾದದ ಸುತ್ತಳತೆ 22 ಇದ್ದವರಿಗೂ ಇಲ್ಲಿ 32, 33 ಬರುವುದುಂಟು. ಈ ಜಾಗ ಕೊಡುವುದು ಹಿಮ್ಮಡಿಯ ಪಟ್ಟಿ, ಅಂದರೆ ಹಿಮ್ಮಡಿಯ ಹಿಂಭಾಗ ಮುಚ್ಚುವ ತುಂಡು. 64 ಕುಣಿಕೆಯ ಸಾಕ್ಸಿನಲ್ಲಿ 32 ಕುಣಿಕೆಯ ಮೇಲೆ 32 ಸಾಲು ಪಟ್ಟಿ ಹೆಣೆದು, ಅದರ ಪ್ರತಿ ಬದಿಯಿಂದ 16 ಕುಣಿಕೆ ಎತ್ತಿಕೊಳ್ಳುವುದು ವಾಡಿಕೆ. ನೀವು 40 ಸಾಲು ಹೆಣೆಯಿರಿ, ಪ್ರತಿ ಬದಿಗೆ 20 ಸಿಗುತ್ತದೆ. ಪಟ್ಟಿಯೂ ಉದ್ದವಾಯಿತು, ಕಣಕಾಲಿನ ಸುತ್ತ ಎಂಟು ಕುಣಿಕೆಯೂ ಹೆಚ್ಚಾಯಿತು. ಆಮೇಲೆ ಅವನ್ನು ನಿಧಾನವಾಗಿ ಕಮ್ಮಿ ಮಾಡುತ್ತಾ 64ಕ್ಕೆ ತನ್ನಿ. ಶಾರ್ಟ್ ರೋ ಹಿಮ್ಮಡಿ ನೋಡಲು ಚೆಂದ, ಆದರೆ ಮೇಲುಬ್ಬು ಎತ್ತರದವರಿಗೆ ಅದರಲ್ಲಿ ಜಾಗ ಸಾಲದು. ಅದೇ ಬೇಕು ಅಂತಿದ್ದರೆ ಅರ್ಧ ಕುಣಿಕೆಯ ಬದಲು ನೂರಕ್ಕೆ 60ರಷ್ಟು ಕುಣಿಕೆಯ ಮೇಲೆ ಹಿಮ್ಮಡಿ ಮಾಡಿ.

ಎರಡು ಬಣ್ಣದ ಚಿತ್ತಾರದ ಸಾಕ್ಸ್ ಹೆಣೆಯುವವರು ಇದನ್ನು ಇನ್ನೂ ಗಮನಿಸಬೇಕು. ಹಿಂದೆ ಅಡ್ಡ ಹೋಗುವ ನೂಲು ಹಿಗ್ಗುವುದಿಲ್ಲ. ಅಲ್ಲಿ ಹತ್ತನೇ ಒಂದು ಪಾಲು ಕಮ್ಮಿ ಮಾಡುವ ಲೆಕ್ಕ ಬಿಡಿ, ಚಿತ್ತಾರದ ಭಾಗಕ್ಕೆ ಒಂದು ಸೈಜ್ ದೊಡ್ಡ ಕಡ್ಡಿ ಹಿಡಿಯಿರಿ.

ಪ್ರಶ್ನೆ: ಹಿಮ್ಮಡಿ ಪಟ್ಟಿ ಮತ್ತು ಪಾದ ಸೇರುವ ಮೂಲೆಯಲ್ಲಿ ಯಾವಾಗಲೂ ತೂತು.

ಉತ್ತರ: ಎಲ್ಲರಿಗೂ ಬರುತ್ತದೆ. ಮೂಲೆಯಲ್ಲಿ ಒಂದು ಕುಣಿಕೆ ಜಾಸ್ತಿ ಎತ್ತಿಕೊಳ್ಳಿ, ಅದನ್ನು ತಿರುಚಿ ಹೆಣೆಯಿರಿ, ಮುಂದಿನ ಸುತ್ತಿನಲ್ಲಿ ಪಕ್ಕದ್ದರ ಜೊತೆ ಸೇರಿಸಿಬಿಡಿ. ಹೆಣೆದು ಮುಗಿಸಿದ್ದಾದರೆ ಉಳಿದ ನೂಲಿನ ತುದಿಯಿಂದ ಒಳಗಿನಿಂದ ಎರಡು ಹೊಲಿಗೆ ಹಾಕಿ.

ಪ್ರಶ್ನೆ: ಕಾಲು ಎಡ ಬಲ ಬೇರೆ ಬೇರೆ, ಸಾಕ್ಸ್ ಯಾಕೆ ಎರಡೂ ಒಂದೇ?

ಉತ್ತರ: ಬದಲಾಯಿಸಿ ಹಾಕಿದರೆ ಸಮನಾಗಿ ಸವೆಯುತ್ತವೆ ಅನ್ನುವುದೇ ಅದರ ಲಾಭ. ಆದರೆ ಹೆಬ್ಬೆರಳು ಉದ್ದ, ಕಿರುಬೆರಳು ಬಹಳ ಗಿಡ್ಡ ಇರುವವರಿಗೆ ಚಪ್ಪಟೆ ತುದಿ ಹೊಂದುವುದಿಲ್ಲ, ಹೆಬ್ಬೆರಳ ಕಡೆ ಎಳೆಯುತ್ತದೆ, ಕಿರುಬೆರಳ ಕಡೆ ಬಟ್ಟೆ ಮಿಕ್ಕುತ್ತದೆ. ಅಂಥವರು ಎಡ ಬಲ ಬೇರೆಯೇ ಮಾಡಿ. ಕಿರುಬೆರಳ ಬದಿಯಲ್ಲಿ ಕಮ್ಮಿ ಮಾಡುವುದನ್ನು ಬೇಗ ಶುರು ಮಾಡಿ, ಹೆಬ್ಬೆರಳ ಬದಿಯನ್ನು ನೇರವಾಗಿ ಇನ್ನಷ್ಟು ದೂರ ಹೋಗಲು ಬಿಡಿ. ಅಂದಹಾಗೆ, ಕಾಲಿನ ಆಕಾರ ನೋಡಿ ಸಾಕ್ಸ್ ಮಾಡುವುದು ಹೊಸದೇನಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಹೆಬ್ಬೆರಳಿಗೆ ಬೇರೆ ಜಾಗ ಇರುವ ಒಂದು ಜೊತೆ ಕೆಂಪು ಉಣ್ಣೆಯ ಸಾಕ್ಸ್ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸಾವಿರದ ಐನೂರು ವರ್ಷಕ್ಕೂ ಹಳೆಯದು. ಎರಡು ಕಡ್ಡಿಯ ಹೆಣಿಗೆ ಅಲ್ಲ ಅದು, ಒಂದೇ ಸೂಜಿಯಲ್ಲಿ ಮಾಡಿದ್ದು. ಚಪ್ಪಲಿಯ ಪಟ್ಟಿ ಬೆರಳ ನಡುವೆ ಹೋಗಲಿ ಅಂತ ಹಾಗೆ ಮಾಡಿರಬೇಕು.

ಪ್ರಶ್ನೆ: ಉಡುಗೊರೆಗೆ ಸಾಕ್ಸ್ ಹೆಣೆಯಬೇಕು. ಗುಟ್ಟಾಗಿ ಕೊಡಬೇಕು, ಕಾಲು ಅಳೆಯುವಂತಿಲ್ಲ. ಶೂ ಸೈಜ್ ಮಾತ್ರ ಗೊತ್ತು, ಯೂರೋಪಿನ 39.

ಉತ್ತರ: ಯೂರೋಪಿನ ಸೈಜಿನಲ್ಲಿ ಒಂದು ಅಂಕಿ ಅಂದರೆ ಸೆಂಟಿಮೀಟರಿನ ಮೂರನೇ ಎರಡು ಪಾಲು. 39ಕ್ಕೆ 26 ಸೆಂ.ಮೀ. ಇದು ಶೂ ಮಾಡುವ ಅಚ್ಚಿನ ಉದ್ದ, ಪಾದದ್ದಲ್ಲ. ಒಂದೂವರೆ ಸೆಂ.ಮೀ. ಕಳೆದರೆ ಪಾದ 24.5ರ ಆಸುಪಾಸು. ಸಾಕ್ಸ್ 23ರಿಂದ 23.5 ಹೆಣೆಯಿರಿ. ಸುತ್ತಳತೆ ಊಹೆಯೇ, ಹಾಗಾಗಿ ಪಾದಕ್ಕೂ ರಿಬ್ ಮುಂದುವರಿಸಿ, ಅಂಗಾಲಿನ ಕಡೆ ಮಾತ್ರ ಸಾದಾ ಇರಲಿ. ರಿಬ್ ಅಗಲ ಪಾದಕ್ಕೂ ಹಿಗ್ಗುತ್ತದೆ, ಸಪೂರ ಪಾದಕ್ಕೂ ಕುಗ್ಗುತ್ತದೆ.

ಪ್ರಶ್ನೆ: ಮಗುವಿನ ಸ್ವೆಟರ್, ತಲೆಯೇ ತೂರುತ್ತಿಲ್ಲ!

ಉತ್ತರ: ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಒಂದು ವರ್ಷದ ಮಗುವಿನ ತಲೆ ಸುತ್ತಳತೆಯೇ ಸುಮಾರು 46 ಸೆಂ.ಮೀ. ಎದೆಯೂ ಹೆಚ್ಚುಕಮ್ಮಿ ಅಷ್ಟೇ. ಕೊರಳಿನ ಪಟ್ಟಿ ಎಳೆದಾಗ 48ರವರೆಗಾದರೂ ಬರಬೇಕು. ಈಗ ಹೆಣೆದಿರುವುದರ ಕೊರಳಿನ ಮುಚ್ಚು ಬಿಚ್ಚಿ, ಸಾಕ್ಸಿಗೆ ಹೇಳಿದ ಹಿಗ್ಗುವ ರೀತಿಯಲ್ಲಿ ದೊಡ್ಡ ಕಡ್ಡಿ ಹಿಡಿದು ಮತ್ತೆ ಮುಚ್ಚಿ. ಅದಕ್ಕೂ ಬಗ್ಗದಿದ್ದರೆ ಒಂದು ಭುಜದ ಹೊಲಿಗೆ ಬಿಚ್ಚಿ ಗುಂಡಿ ಇಡಿ. ಗುಂಡಿ ಭದ್ರವಾಗಿರಲಿ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಪ್ರಶ್ನೆ: ಹತ್ತಿ ನೂಲಿನ ಸ್ವೆಟರ್ ಹೆಣೆದು ಹಾಕಿದ ದಿನ ಸೊಂಟದವರೆಗಿತ್ತು. ಸಂಜೆಯ ಹೊತ್ತಿಗೆ ತೊಡೆಗೆ ಬಂತು. ಸ್ಯಾಂಪಲ್ ಮಾಡಿದ್ದೆ, ಒಗೆದಿದ್ದೆ, ಗೇಜ್ ಕರೆಕ್ಟ್ ಇತ್ತು.

ಉತ್ತರ: ಸ್ಯಾಂಪಲ್ಲಿನ ತೂಕ ಎಷ್ಟು? ಕೈಯಲ್ಲಿ ಹಿಡಿದರೆ ಗೊತ್ತೇ ಆಗದಷ್ಟು. ಸ್ವೆಟರಿನ ತೂಕ ಅರ್ಧ ಕಿಲೋ ದಾಟಿರುತ್ತದೆ, ಆ ಅಷ್ಟೂ ಭಾರ ಭುಜದಿಂದ ನೇತಾಡುತ್ತದೆ. ಉಣ್ಣೆಯ ಎಳೆಯಲ್ಲಿ ಸ್ಪ್ರಿಂಗಿನಂಥ ಸುರುಳಿ ಇದೆ, ಎಳೆದರೂ ವಾಪಸ್ ಬರುತ್ತದೆ. ಹತ್ತಿ, ಬಿದಿರಿನ ನೂಲಿಗೆ ಅದಿಲ್ಲ. ಅಲ್ಪಾಕಾ ಪ್ರಾಣಿಯದೇ ಕೂದಲಾದರೂ ಇದೇ ಸ್ವಭಾವ. ಇಂಥ ನೂಲಿನ ಸ್ಯಾಂಪಲ್ ಒಣಗಿದ ಮೇಲೆ ಅದರ ಕೆಳ ಅಂಚಿಗೆ ಒಂದೆರಡು ಕ್ಲಿಪ್ ಸಿಕ್ಕಿಸಿ ಒಂದು ಇಡೀ ದಿನ ನೇತುಹಾಕಿ, ನೇತಾಡುತ್ತಿರುವಾಗಲೇ ಅಳೆಯಿರಿ. ಉದ್ದಕ್ಕೆ ಎಷ್ಟು ಬೆಳೆಯಿತೋ ಅಷ್ಟು ಕಮ್ಮಿ ಹೆಣೆಯಿರಿ. ಉದ್ದಕ್ಕೆ ಬೆಳೆದಾಗ ಅಗಲ ಕುಗ್ಗುತ್ತದೆ, ಅದನ್ನೂ ನೋಡಿಕೊಳ್ಳಿ.

ಸುತ್ತಿನಲ್ಲಿ ಹೊಲಿಗೆಯೇ ಇಲ್ಲದೆ ಹೆಣೆಯುವುದು ಈಗ ಎಲ್ಲರಿಗೂ ಇಷ್ಟ. ಭಾರದ ನೂಲಿಗೆ ಮಾತ್ರ ಅದು ಬೇಡ ಅಂತ ನನ್ನ ಅಭಿಪ್ರಾಯ. ಬಿಡಿ ಬಿಡಿಯಾಗಿ ಹೆಣೆದು ಹೊಲಿದರೆ ಭುಜದ, ಪಕ್ಕದ ಹೊಲಿಗೆಗಳು ಭಾರ ಹೊರುತ್ತವೆ. ನೀವು ಈಗ ಮಾಡಬಹುದಾದದ್ದು ಏನೆಂದರೆ, ಒಳಗಡೆಯಿಂದ ಒಂದು ಭುಜದ ತುದಿಯಿಂದ ಹಿಂಗೊರಳ ಮೂಲಕ ಇನ್ನೊಂದು ಭುಜದ ತುದಿಯವರೆಗೆ ಕ್ರೋಶಾ ಕೊಕ್ಕೆಯಲ್ಲಿ ಒಂದು ಸಾಲು ಸ್ಲಿಪ್ ಸ್ಟಿಚ್ (ಕುಣಿಕೆಯೊಳಗಿಂದ ಕುಣಿಕೆ ಎಳೆಯುವುದು) ಬಿಗಿಯಾಗಿ ಹಾಕಿ. ಭುಜ ಇಳಿಯುವುದು ನಿಲ್ಲುತ್ತದೆ. ಉದ್ದ ಕಮ್ಮಿ ಮಾಡಬೇಕಾದರೆ, ಮೇಲಿನಿಂದ ಕೆಳಕ್ಕೆ ಹೆಣೆದಿದ್ದರೆ ಅಂಚಿನಿಂದ ಬಿಚ್ಚಿ ಮತ್ತೆ ರಿಬ್ ಹಾಕಿದರೆ ಮುಗಿಯಿತು. ಕೆಳಗಿನಿಂದ ಹೆಣೆದಿದ್ದರೆ ಹಾಗೆ ಬಿಚ್ಚಿಕೊಳ್ಳುವುದಿಲ್ಲ. ಬೇಕಾದ ಎತ್ತರದಲ್ಲಿ ಒಂದು ಕುಣಿಕೆ ಕತ್ತರಿಸಿ, ಆ ಸಾಲಿನ ನೂಲನ್ನು ಎರಡೂ ಕಡೆಗೆ ಬಿಡಿಸುತ್ತಾ ಮೇಲಿನ ಕುಣಿಕೆಗಳನ್ನು ಕಡ್ಡಿಗೆ ಏರಿಸಿಕೊಂಡು ಕೆಳಮುಖವಾಗಿ ರಿಬ್ ಹೆಣೆಯಿರಿ. ಕತ್ತರಿ ಹಿಡಿಯುವಾಗ ಎದೆ ಢವಢವ ಅನ್ನುತ್ತದೆ, ನಿಜ. ಮೊದಲು ಕುಣಿಕೆಗಳ ಸಾಲಿಗೆ ಬೇರೆ ಬಣ್ಣದ ದಾರ ಪೋಣಿಸಿಕೊಂಡರೆ ಒಂದೂ ಜಾರುವುದಿಲ್ಲ.

ಪ್ರಶ್ನೆ: ಅಕ್ರಿಲಿಕ್ ನೂಲಿನ ಸ್ವೆಟರನ್ನು ಒದ್ದೆ ಮಾಡಿ ಪಿನ್ ಹಾಕಿ ಒಣಗಿಸಿದೆ. ಪಿನ್ ತೆಗೆದ ಕೂಡಲೇ ಮೊದಲಿನ ಹಾಗೇ ಆಯಿತು. ಇಸ್ತ್ರಿ ಹಾಕಲೇ?

ಉತ್ತರ: ಬೇಡ ಬೇಡ. ಅಕ್ರಿಲಿಕ್ ನೀರಿಗೆ ಜಗ್ಗುವುದಿಲ್ಲ, ಬಿಸಿಗೆ ಜಗ್ಗುತ್ತದೆ, ಜಗ್ಗಿದರೆ ವಾಪಸ್ ಬರುವುದಿಲ್ಲ. ಇಸ್ತ್ರಿ ಮುಟ್ಟಿಸಿದರೆ ರಿಬ್ ಸತ್ತು ಚಪ್ಪಟೆಯಾಗುತ್ತದೆ. ಹಬೆ ಬರುವ ಇಸ್ತ್ರಿಯನ್ನು ಬಟ್ಟೆಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿದು ಹಬೆ ಮಾತ್ರ ಬಿಡಿ, ಅದೂ ಮೊದಲು ಸ್ಯಾಂಪಲ್ಲಿನ ಮೇಲೆ. ರಿಬ್ ಹತ್ತಿರ ಹೋಗಬೇಡಿ.

ಪ್ರಶ್ನೆ: ಉಣ್ಣೆಯ ಸ್ವೆಟರ್ ಯಾರೋ ಬಿಸಿನೀರಿನ ಮೆಷಿನ್‌ಗೆ ಹಾಕಿಬಿಟ್ಟರು. ಅರ್ಧ ಆಗಿದೆ. ಹಿಗ್ಗಿಸುವ ಉಪಾಯ ಹೇಳಿ.

ಉತ್ತರ: ಕಂಡೀಷನರಿನಲ್ಲಿ ನೆನೆಸಿ ಎಳೆಯಿರಿ ಅಂತ ಹೇಳುವವರಿದ್ದಾರೆ. ಸ್ವಲ್ಪ ಕುಗ್ಗಿದ್ದರೆ ಪ್ರಯತ್ನ ಮಾಡಬಹುದು. ಅರ್ಧ ಆಗಿದೆ ಅಂದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯಾಗಿದೆ. ಕುಣಿಕೆಗಳು ಬೇರೆ ಬೇರೆಯಾಗಿ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಇನ್ನು ಬಿಡಿಸಲಾಗದು. ಒಂದು ಲಾಭ ಇದೆ, ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಚಳಿಗೆ ಶೂ ಒಳಗೆ ಹಾಕುವ ಅಟ್ಟೆ ಕತ್ತರಿಸಿಕೊಳ್ಳಿ, ನಿಮ್ಮ ಪಾದ ಹಾಳೆಯ ಮೇಲಿಟ್ಟು ಗೆರೆ ಎಳೆದು, ಗೆರೆಯ ಒಳಗಿನಿಂದಲೇ ಕತ್ತರಿ ಹಾಕಿ.